ಲಾಳಿ ಮಾರ್ಕಂಡೇಯ ತಾತ ಮತ್ತು ಕಡಲಹಕ್ಕಿಯ ಬುರುಡೆ

ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಮಾರ್ಕಂಡೇಯ ತಾತನಿಗೆ ಲಾಳಿ ಮಾರ್ಕಂಡೇಯ ಎಂದೇ ಹೆಸರು. ನಲವತ್ತು ವರ್ಷ ಸೀರೆ ನೇಯ್ದವರು. ಕಾಲುನೋವಿಗೆ ಮಗ್ಗ ಬಿಟ್ಟ ಮೇಲೆ ಬೇರೆಯವರ ಲಾಳಿ ರಿಪೇರಿ ಮಾಡುತ್ತಾರೆ. ಮಗ್ಗದಲ್ಲಿ ಅಡ್ಡನೂಲು ಹೊತ್ತು ಅತ್ತಿತ್ತ ಓಡುವ ಆ ಕಟ್ಟಿಗೆಯಲ್ಲಿ ಸಣ್ಣ ಸೀಳಿದ್ದರೂ ಸೀರೆಯ ಎಳೆ ಸಿಕ್ಕಿ ಹರಿಯುತ್ತದೆ. ಅದಕ್ಕೆ ತಾತ ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸಿ ಸೀಳು ತುಂಬುತ್ತಾರೆ. ಒಣಗಿದ ಮೇಲೆ ಉಜ್ಜಿ, ಕೊನೆಗೆ ಒಂದು ರೇಷ್ಮೆ ಎಳೆಯನ್ನು ಮೇಲೆಲ್ಲ ಎಳೆದು ನೋಡುತ್ತಾರೆ. ಎಳೆ ಎಲ್ಲೂ ನಿಲ್ಲಬಾರದು.

"ನನ್ನ ಕೈಯಾಗಿಂದ ಹೋದ ಸಾಮಾನು ಒಂದೂ ವಾಪಸ್ ಬಂದಿಲ್ಲ" ಎನ್ನುವುದು ಅವರಿಗಿದ್ದ ಒಂದೇ ಜಂಬ.

ಹೋದ ಚಳಿಗಾಲದಲ್ಲಿ, ಉಟ್ಕೂರ್ ಕಡೆ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಶೈಲಜಾ ಮೇಡಂ ಒಂದು ಬುರುಡೆ ತಂದರು. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯದು. ನಿಜವಾದ ಎಲುಬಲ್ಲ, ಪಾಠಕ್ಕೆಂದು ಅಚ್ಚಿನಲ್ಲಿ ಎರಕ ಹೊಯ್ದ ನಕಲು. ಪಾರ್ಸಲ್ಲಿನಲ್ಲಿ ಬರುವಾಗ ಕೊಕ್ಕಿನ ತುದಿ ಮುರಿದಿತ್ತು.

"ಶುಕ್ರವಾರ ಮಧ್ಯಾಹ್ನ ಎರಡಕ್ಕ ಪಾಠ ಐತ್ರಿ ತಾತ. ಸಮುದ್ರ ನೋಡಿದ ಹುಡುಗ್ರು ನಮ್ಮ ಸಾಲಿಯಾಗ ಒಬ್ರೂ ಇಲ್ಲ. ಇದನ್ನರ ನೋಡ್ಲಿ."

ತಾತನ ಹೆಂಡತಿ ಬುಚ್ಚಮ್ಮ ಬಾಗಿಲಲ್ಲಿ ನಿಂತು ನೋಡಿದರು. "ದೇವರ ಕಡಿ ಮಾರಿ ಮಾಡಿ ಇಡಬ್ಯಾಡ್ರಿ ಮತ್ತ ಅದನ್ನ."

"ನಕಲಿ ಐತೇಳು."

"ನಕಲಿ ಇದ್ರೂ ಹಲ್ಲಿಲ್ಲದ ಮಾರಿ, ಥೇಟ್ ನಿಮ್ಮಂಗ ಐತಿ."

ಕೊಕ್ಕು ಅಂಗಡಿಯಿಂದ ತಂದ ಗಟ್ಟಿ ಅಂಟಿನಲ್ಲಿ ಕೂಡಿತು. ಆಮೇಲೆ ತಾತ ಅಭ್ಯಾಸದಂತೆ ರೇಷ್ಮೆ ಎಳೆಯನ್ನು ಬುರುಡೆಯ ಮೇಲೆ ಎಳೆದರು. ಎರಡೂ ಕಣ್ಣಿನ ಗೂಡುಗಳ ಮೇಲುಗಡೆ ಎಳೆ ಜಾರಿ ಒಳಗೆ ಬಿತ್ತು. ಅಲ್ಲಿ ಬಿದಿಗೆ ಚಂದ್ರನಂಥ ಎರಡು ತಗ್ಗುಗಳಿದ್ದವು. ಎರಕದವನು ಸರಿಯಾಗಿ ಹೊಯ್ದಿಲ್ಲ ಎಂದುಕೊಂಡರು. ಹುಣಸೆ ಅಂಟಿನಿಂದ ಎರಡನ್ನೂ ತುಂಬಿ, ಉಜ್ಜಿ, ಮೇಲೆ ಸುಣ್ಣ ಸವರಿದರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮೇಡಂ ಬಂದರು. ಕೊಕ್ಕು ನೋಡಿ ಖುಷಿಪಟ್ಟರು. ಆಮೇಲೆ ಅವರ ಹೆಬ್ಬೆರಳು ಕಣ್ಣಿನ ಮೇಲುಗಡೆ ಹೋಗಿ ಅಲ್ಲೇ ನಿಂತಿತು.

"ಚಂದ ಆಗೇತ್ರಿ" ಎಂದು ಬುರುಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

"ಆಕಿ ಮಾರಿ ನೋಡ್ರಿ" ಎಂದರು ಬುಚ್ಚಮ್ಮ. "ಚಂದ ಅಂದ್ಲು, ನಗಲಿಲ್ಲ."

"ಏನು ಕೆಡಿಸೀನಿ ಹೇಳ್ರಿ ಮೇಡಂ" ಎಂದರು ತಾತ. "ಹೇಳಲಾರದ ಒಯ್ದ್ರ ನನಗ ಉಣ್ಣಾಕ ಆಗಂಗಿಲ್ಲ."

ಮೇಡಂ ಸಂಕೋಚದಿಂದ ಹೇಳಿದರು. "ಈ ಹಕ್ಕಿ ಸಮುದ್ರದ ಉಪ್ಪುನೀರು ಕುಡಿತೈತ್ರಿ. ಆ ತಗ್ಗಿನ್ಯಾಗ ಉಪ್ಪು ಸೋಸೋ ಗ್ರಂಥಿ ಇರ್ತಾವ. ಸೋಸಿದ ಉಪ್ಪುನೀರು ಮೂಗಿನಿಂದ ಕೊಕ್ಕಿನ ತುದಿಗೆ ಇಳಿದು ಹನೀತೈತಿ. ನನ್ನ ಪಾಠ ಅದ ಇತ್ತು. ಇರ್ಲಿ ಬಿಡ್ರಿ, ಬೋರ್ಡಿನ ಮ್ಯಾಲ ಬರದು ತೋರಿಸ್ತೀನಿ."

ತಾತ ಕೈ ಚಾಚಿ ಬುರುಡೆಯನ್ನು ವಾಪಸ್ ತೆಗೆದುಕೊಂಡರು. "ನೀವು ಸಾಲಿಗಿ ನಡೀರಿ. ಹನ್ನೆರಡರ ಆಟೋದಾಗ ಕಳಿಸ್ತೀನಿ."

ಹುಣಸೆ ಅಂಟು ನೀರಿಗೆ ಮೆತ್ತಗಾಗುತ್ತದೆ. ಆದರೆ ಅವಸರದಲ್ಲಿ ಕೆರೆದರೆ ಎರಕಕ್ಕೇ ಗೀರು ಬೀಳುತ್ತದೆ. ತಾತ ಎರಡೂ ಕಡೆ ಒದ್ದೆ ಬಟ್ಟೆ ಇಟ್ಟು ಕಾದರು. ಬಿದಿರಿನ ಕಡ್ಡಿಯಿಂದ ಮೆತ್ತಗಾದಷ್ಟನ್ನೇ ತೆಗೆದು ಮತ್ತೆ ಬಟ್ಟೆ ಇಟ್ಟರು. ಬುಚ್ಚಮ್ಮ ಬಟ್ಟಲಿನ ನೀರು ಬದಲಿಸುತ್ತಿದ್ದರು. ಆ ಹೊತ್ತಿನಲ್ಲಿ ಅವರೂ ಚೇಷ್ಟೆ ಮಾಡಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ತಾತ ರೇಷ್ಮೆ ಎಳೆ ಎಳೆದರು. ಅದು ಎರಡೂ ತಗ್ಗುಗಳಲ್ಲಿ ಬಿತ್ತು.

ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರೇ ಆಟೋ ಹತ್ತಿದರು.

"ಕಾಲು ನೋವಂತಿದ್ರಿ?" ಎಂದರು ಬುಚ್ಚಮ್ಮ.

"ವಾಪಸ್ ಬಂದ ಸಾಮಾನು. ನಾನ ಮುಟ್ಟಿಸಬೇಕು."

ತರಗತಿಯಲ್ಲಿ ತಾತನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಮೇಡಂ ಪಾಠ ಮುಗಿಸಿ ಬುರುಡೆಯನ್ನು ಮಕ್ಕಳ ಕೈಗೆ ಕೊಟ್ಟರು. ರಜಿತಾ ಎಂಬ ಹುಡುಗಿ ಕಣ್ಣಿನ ಮೇಲೆ ಬೆರಳಾಡಿಸಿ, "ಮೇಡಂ, ಇಲ್ಲಿ ಬೆರಳು ತಗ್ಗಿಗೆ ಬೀಳತೈತಿ" ಎಂದಳು.

ತಾತ ಎದ್ದು ನಿಂತರು. "ಅಲ್ಲೇ ಬೀಳಬೇಕವ್ವ. ನಾನು ಗೊತ್ತಿಲ್ಲದ ಅದನ್ನ ಮುಚ್ಚಿದ್ದೆ. ಇವತ್ತ ಮುಂಜಾನಿ ತೆಗೆದೀನಿ."

ಮಕ್ಕಳು ತಿರುಗಿ ನೋಡಿದರು. ಯಾರೂ ನಗಲಿಲ್ಲ. ರಜಿತಾ ಆ ತಗ್ಗಿನಿಂದ ಮೂಗಿಗೆ, ಮೂಗಿನಿಂದ ಕೊಕ್ಕಿನ ತುದಿಯವರೆಗೆ, ಉಪ್ಪುನೀರು ಇಳಿಯುವ ದಾರಿಯನ್ನು ಬೆರಳಿನಿಂದ ನಿಧಾನವಾಗಿ ಸವರಿದಳು. ತಾತ ಕೊಕ್ಕು ಅಂಟಿಸಿದ ಜಾಗದ ಮೇಲೂ ಅವಳ ಬೆರಳು ಹಾದುಹೋಯಿತು. ಅಲ್ಲಿ ಅದು ನಿಲ್ಲಲಿಲ್ಲ.