ಆರು ಮೂಲೆಯ ಡಬ್ಬಿ ಯಾರದು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಆಡಿದ ಒಂದು ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಾತು ಇಷ್ಟೇ: "ಪರವಾಗಿಲ್ಲ ಮೇಡಂ." ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತ ಮರ್ಯಾದೆ ಅದು.

ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸದರಲ್ಲಿ ಎದುರು ಮನೆಯವರು ರಂಜಾನ್ ಹಬ್ಬಕ್ಕೆ ಒಂದು ಕಾಗದದ ಡಬ್ಬಿಯಲ್ಲಿ ಖರ್ಜೂರ ಕೊಟ್ಟರು. ಆರು ಮೂಲೆಯ ಡಬ್ಬಿ, ಅಂಟಿಲ್ಲ, ಪಿನ್ನಿಲ್ಲ. ಮುಚ್ಚಳದ ಆರು ಎಸಳು ಒಂದರ ಕೆಳಗೊಂದು ಸಿಕ್ಕಿಕೊಂಡು ತಾವೇ ಬಿಗಿಯಾಗಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರ್ ಓರಿಗಾಮಿ ಎಂದು, ಜಪಾನಿನ ಕಾಗದ ಮಡಿಸುವ ಕಲೆ ಎಂದು ಕಲಿಸಿದ್ದು ನಾಲ್ಕು ಮೂಲೆಯದು ಮಾತ್ರ. ಇದರ ಕಾಗದವೋ, ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟ ದಪ್ಪ ಹಾಳೆ. ಹುಳು ಹೊರಬಂದ ಮೇಲೆ ಎಸೆಯುವಂಥದ್ದು. ಮೊಟ್ಟೆಯಿದ್ದ ದುಂಡು ಗುರುತುಗಳು ಇನ್ನೂ ಕಾಣುತ್ತಿದ್ದವು.

ಡಬ್ಬಿಯನ್ನು ಬಿಚ್ಚಿ ಮಡಿಕೆಗಳನ್ನು ಓದಿದೆ. ಪೆನ್ಸಿಲ್ ಗೆರೆ ಎಲ್ಲೂ ಇಲ್ಲ. ಒಂದೊಂದು ಮೂಲೆಯ ಹತ್ತಿರವೂ ಉಗುರಿನಿಂದ ಒತ್ತಿದ ಸಣ್ಣ ಗುರುತು. ಮತ್ತೆ ಮಡಿಸಿ, ಸಕ್ಕರೆ ತುಂಬಿ ವಾಪಸು ಕೊಡಲು ಹೋದೆ. ನಮ್ಮ ಕಡೆ ಯಾರ ಮನೆಯ ಡಬ್ಬಿಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಬರಿದು ಕೊಟ್ಟರೆ ಇನ್ನು ಬರಬೇಡಿ ಎಂದ ಹಾಗೆ.

"ಇದನ್ನ ಮಾಡಿದ್ದು ಯಾರು?" ಎಂದು ಕೇಳಿದೆ.

"ಚಿಂತಾಮಣಿಯಿಂದ ನಮ್ಮ ನಾದಿನಿ ಕಳಿಸಿದ್ದು ಅಕ್ಕ. ಯಾರು ಮಾಡಿದ್ರೋ, ಡಬ್ಬಿಗೆ ಯಾರು ಹೆಸರು ಕೇಳ್ತಾರೆ?"

ನಾನು ಕೇಳುತ್ತೇನೆ ಎಂದು ಹಟ ಹಿಡಿದು ಚಿಂತಾಮಣಿಗೆ ಬಸ್ಸು ಹತ್ತಿದೆ. ನಾದಿನಿಯ ಮನೆಯಲ್ಲಿ ಅಂಥದೇ ಡಬ್ಬಿಗಳು ನಾಲ್ಕಿದ್ದವು. ಅವು ನೋಡಿ ಕಲಿತವರು ಮಡಿಸಿದವು. ಉಗುರಿನ ಗುರುತು ಇರಲಿಲ್ಲ. ಗುರುತಿರುವುದನ್ನು ಕೊಟ್ಟವಳು ಯಾರೆಂದು ವಿಚಾರಿಸಿದರೆ, ಶಿಡ್ಲಘಟ್ಟದಲ್ಲಿ ನಮ್ಮ ಮನೆಗೆ ಎರಡು ಬೀದಿ ಹಿಂದೆ ಇರುವವಳು!

ಅವಳು ಫಿಲೇಚರ್ ಎಂಬ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು.

"ಏಮ್ಮಾ, ಪೇಪರ್ ಡಬ್ಬಿಗೋಸ್ಕರ ಚಿಂತಾಮಣಿಗೆ ಹೋಗಿ ಬಂದ್ರಾ? ಇಲ್ಲೇ ಒಂದು ಕೂಗು ಹಾಕಿದ್ರೆ ಬರ್ತಿದ್ದೆ" ಎಂದು ನಕ್ಕಳು. ಹೊಸ್ತಿಲ ಮೇಲೆ ಕುಳಿತು ಹಾಳೆಯ ನಡುವೆ ಒಂದು ಮಡಿಕೆ ಹಾಕಿದಳು. ಒಂದು ಮೂಲೆಯನ್ನು ತಂದು ಆ ಮಡಿಕೆಗೆ ತಾಗಿಸಿದಳು. ಸ್ಕೇಲಿಲ್ಲದೆ ಆರು ಮೂಲೆಯ ಅಳತೆ ಸಿಕ್ಕಿಬಿಟ್ಟಿತು. ಹೇಗೆ ಹೊಳೆಯಿತು ಎಂದೆ. "ಅಂಟು ಹಾಕಿದ್ರೆ ಇರುವೆ ಬರ್ತವೆ. ಅಂಟಿಲ್ದೆ ನಿಲ್ಲಿಸ್ಬೇಕು ಅಂತ ಒಂದು ವರ್ಷ ಹಾಳೆ ಹಾಳು ಮಾಡ್ದೆ." ಉಗುರಿನ ಗುರುತು, ಮಡಿಸುವ ಜಾಗ ಕತ್ತಲಲ್ಲೂ ಕೈಗೆ ಸಿಗಲಿ ಅಂತ.

ಚಿಕ್ಕಬಳ್ಳಾಪುರದ ಹೆಂಗಸರ ಸಂಘವೊಂದು ಕೈಕೆಲಸದ ಪ್ರದರ್ಶನ ಇಟ್ಟಿತ್ತು. ನಾನು ಅದರ ಸದಸ್ಯೆ. ಅವಳು ಮಡಿಸಿದ ಡಬ್ಬಿ ಇಟ್ಟು, ಪಕ್ಕದ ಚೀಟಿಯಲ್ಲಿ ಅವಳ ಹೆಸರು ಬರೆದೆ. "ನನ್ನ ಹೆಸರಾ? ನಿಜವಾಗ್ಲೂ?" ಎಂದು ಎರಡು ಸಲ ಕೇಳಿದ್ದಳು. ಪ್ರದರ್ಶನದ ಹಿಂದಿನ ದಿನ ಅವಳದೇ ಇನ್ನೊಂದು ಡಬ್ಬಿಯಲ್ಲಿ ರವೆ ಉಂಡೆ ಕೊಟ್ಟು ಬಂದಿದ್ದೆ. ಅವಳು ಕೆಲಸಕ್ಕೆ ರಜೆ ಹಾಕಿ, ಹಬ್ಬದ ಸೀರೆ ಉಟ್ಟು ನನ್ನ ಜೊತೆ ಬಂದಳು.

ಹೋಗಿ ನೋಡಿದರೆ ಚೀಟಿ ಬದಲಾಗಿತ್ತು. "ಜಪಾನಿನ ಕಲೆ", ಅದರ ಕೆಳಗೆ ನನ್ನ ಹೆಸರು. ಸಂಘದ ಅಧ್ಯಕ್ಷೆಯನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಫಿಲೇಚರ್ ಹೆಂಗಸು ಕಂಡುಹಿಡಿದ್ಲು ಅಂದ್ರೆ ಯಾರು ನಂಬ್ತಾರೆ ಹೇಳಿ? ಎಲ್ಲೋ ನೋಡ್ಕೊಂಡಿರ್ತಾಳೆ. ನೀವು ಕಾನ್ವೆಂಟಲ್ಲಿ ಓದಿದೋರು, ನಿಮ್ಮ ಹೆಸರಿಗೊಂದು ತೂಕ ಇರುತ್ತೆ. ಬೇಜಾರಿಲ್ಲ ತಾನೆ?"

ಆಗ ನಾನು ಆಡಿದ್ದು ಆ ಮಾತು: "ಪರವಾಗಿಲ್ಲ ಮೇಡಂ." ಮೊದಲ ಬಹುಮಾನ ಎಂದು ನನ್ನ ಹೆಸರು ಕೂಗಿದರು. ನಾನು ಎದ್ದು ಹೋಗಿ ಸ್ಟೀಲ್ ತಟ್ಟೆ ಇಸಿದುಕೊಂಡೆ. ಥ್ಯಾಂಕ್ಯೂ ಅಂತಲೂ ಅಂದೆ. ಕೊನೆಯ ಸಾಲಿನಲ್ಲಿ ಅವಳು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ಆ ಬೆರಳುಗಳಿಗೆ ಉರಿಯುತ್ತಿತ್ತೇನೋ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತಾಡಿದಳು. "ಮುಚ್ಚಳ ಚೆನ್ನಾಗಿ ಕೂತಿತ್ತಮ್ಮ."

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ರವೆ ಉಂಡೆಯ ಡಬ್ಬಿ ವಾಪಸು ಕೊಟ್ಟಳು. ಒಳಗೆ ಬನ್ನಿ ಎಂದೆ. "ಕೆಲ್ಸಕ್ಕೆ ಹೊತ್ತಾಯ್ತು" ಎಂದು ಹೊರಟಳು. ಮುಚ್ಚಳ ತೆರೆದೆ. ಒಳಗೆ ಒಂದು ಕಾಳು ಸಕ್ಕರೆಯೂ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿ ತಂದಿದ್ದಳು.

ಆ ದಿನವೇ ತಟ್ಟೆ ಹಿಡಿದು ಅಧ್ಯಕ್ಷೆಯ ಮನೆಗೆ ಹೋದೆ. ಬಹುಮಾನದ ರಿಜಿಸ್ಟರ್ ಕೇಳಿದೆ.

"ಒಂದು ಪೇಪರ್ ಡಬ್ಬಿಗೆ ಇಷ್ಟು ಕೋಪನಾ?" ಎಂದರು.

"ಹೌದು" ಎಂದೆ. ನನ್ನ ಹೆಸರು ಹೊಡೆದು, ಸಿಸ್ಟರ್ ತಿದ್ದಿಸಿದ ದುಂಡು ಅಕ್ಷರದಲ್ಲಿ ಅವಳ ಹೆಸರು ಬರೆದೆ. ಅವರು ಬಾಯಿ ತೆರೆಯುವ ಮೊದಲೇ ಎದ್ದು ಬಂದೆ.

ಅಲ್ಲಿಂದ ನೇರ ಅವಳ ಮನೆಗೆ ಹೋದೆ. ತಟ್ಟೆಯನ್ನು ಅವಳು ಮುಟ್ಟಲಿಲ್ಲ. "ರಿಜಿಸ್ಟರ್ ಯಾರಮ್ಮ ಓದ್ತಾರೆ? ಅಲ್ಲಿ ಜನ ಇದ್ರಲ್ಲ, ಆಗ ಹೇಳ್ಬೇಕಿತ್ತು."

ತಟ್ಟೆ ಹಿಡಿದು ವಾಪಸು ಬಂದೆ. ಅವಳು ಬರಿದಾಗಿ ಕೊಟ್ಟ ಡಬ್ಬಿ ಈಗಲೂ ನನ್ನ ಬೀರುವಿನಲ್ಲಿದೆ. ಏನಾದರೂ ತುಂಬಿಸಿ ಕಳಿಸೋಣವೆಂದು ಎಷ್ಟೋ ಹಬ್ಬಕ್ಕೆ ಕೆಳಗಿಳಿಸಿದ್ದೇನೆ, ಮತ್ತೆ ಮೇಲಿಟ್ಟಿದ್ದೇನೆ.