ಪುಟ್ಟಬಸಪ್ಪ ಡಾಕ್ಟರು ಮತ್ತು ಅವರ ಅಮಲ್ದಾರರು

ದನದ ಡಾಕ್ಟರು ಪುಟ್ಟಬಸಪ್ಪನವರು ಎತ್ತನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಎತ್ತಿನ ಯಜಮಾನನನ್ನು ಏಕವಚನದಲ್ಲಿ. "ಬನ್ನಿ ಬುದ್ದಿ, ಬಾಯಿ ಕಳೀರಿ, ನಾಲ್ಗ ನೋಡವು" ಎಂದು ಎತ್ತಿನ ಗದ್ದ ನೇವರಿಸಿದ ಬಾಯಲ್ಲೇ, ಹಗ್ಗ ಹಿಡಿದು ನಿಂತವನಿಗೆ "ಅತ್ತಗ ನಿಂತ್ಕಳೋ, ಬೆಳಕಿಗೆ ಅಡ್ಡ ಬಂದಿದ್ದೀಯ" ಎನ್ನುವರು. ಮಧುವನಹಳ್ಳಿಯ ದೊಡ್ಡ ಜಮೀನಿನವರೊಬ್ಬರು ಒಮ್ಮೆ ಮುಖ ಊದಿಸಿಕೊಂಡು ಇದೇನು ನ್ಯಾಯ ಎಂದು ಕೇಳಿದರಂತೆ. "ನಿಂಗೆ ನೋವಾದ್ರ ನೀನೇ ಯೋಳ್ಕತೀಯ. ಅವರಿಗೆ ಯೋಳಾಕ ಬರಾಕಿಲ್ಲ. ಅದುಕ್ಕ ಮರ್ಯಾದಿನಾರ ಕೊಡ್ಬೇಕಲ್ವಾ?" ಎಂದು ಡಾಕ್ಟರು ಮತ್ತೆ ಎತ್ತಿನ ಕಡೆ ತಿರುಗಿದರಂತೆ.

ಅವರ ಊರು ಯಳಂದೂರು. ಕೊಳ್ಳೇಗಾಲ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮೂರ ದನದ ಆಸ್ಪತ್ರೆಗೆ ಬಂದವರು. ಕುಳ್ಳಗೆ, ಕಪ್ಪಗೆ, ಮೊಣಕೈವರೆಗೆ ಮಡಚಿದ ಅಂಗಿ, ಜೇಬಿನಲ್ಲಿ ಸದಾ ಒಂದು ಬೆಲ್ಲದಚ್ಚು. ಬೆಲ್ಲ ರೋಗಿಗಳಿಗೆ. ಮಾತು ಕೇಳದ ಹಸುವಿಗೂ ಅಳುವ ಕೂಸಿಗೂ ಅದೇ ಅಚ್ಚಿನ ಚೂರು.

ಆಸ್ಪತ್ರೆಯ ಜಗಲಿಯ ಮೇಲೆ ಒಂದು ಕಂದು ನಾಯಿ ಕೂತಿರುತ್ತಿತ್ತು. ಇನ್ನೂ ಎಳೆಯದಾಗಿದ್ದಾಗ ಜಟಕಾ ಕುದುರೆಯೊಂದು ಅದರ ತಲೆಗೆ ಒದ್ದಿತ್ತು. ಡಾಕ್ಟರು ಗಾಯ ಹೊಲಿದು ಉಳಿಸಿಕೊಂಡರು. ಬಂದವರನ್ನೆಲ್ಲ ತಾಲ್ಲೂಕಿನ ಸಾಹೇಬರ ಹಾಗೆ ಅಡಿಯಿಂದ ಮುಡಿಯವರೆಗೆ ನೋಡುವ ಅದರ ಗತ್ತು ಕಂಡು 'ಅಮಲ್ದಾರರು' ಎಂದು ಹೆಸರಿಟ್ಟರು. ಗಾಯ ಮಾಯ್ದು ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಮಲ್ದಾರರು ದಿಢೀರನೆ ಬಿದ್ದು, ಕಾಲು ಬಡಿದುಕೊಂಡು ನೊರೆ ಕಾರತೊಡಗಿದರು. ಡಾಕ್ಟರು ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದರು. ಕಾಂಪೌಂಡರ್ ಸಿದ್ದಯ್ಯ ಬೀದಿಗೆ ಬಂದು, "ಸಾ, ಓಡ್ಬನ್ನಿ, ಅಮಲ್ದಾರ್ರಿಗೆ ಫಿಟ್ಸ್ ಬಂದ್ಬುಡ್ತು!" ಎಂದು ಕೂಗಿಕೊಂಡ. ಡಾಕ್ಟರು ಆಸ್ಪತ್ರೆಗೆ ಓಡಿದರು. ಹೋಟೆಲಿನಲ್ಲಿದ್ದ ಉಳಿದವರು ತಾಲ್ಲೂಕು ಕಚೇರಿಗೆ ಓಡಿದರು. ಅಲ್ಲಿ ನಿಜವಾದ ಅಮಲ್ದಾರರು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಕಾಗದಗಳಿಗೆ ಸಹಿ ಮಾಡುತ್ತಿದ್ದರಂತೆ.

ಅಂದಿನಿಂದ ಡಾಕ್ಟರ ತಲೆಯೊಳಗೆ ಒಂದೇ ಪ್ರಶ್ನೆ. ಗಾಯ ಮಾಯ್ದಿದೆ, ನಾಯಿ ಓಡಾಡಿಕೊಂಡಿದೆ. ಹಾಗಿದ್ದ ಮೇಲೆ ಇಷ್ಟು ದಿನ ಸುಮ್ಮನಿದ್ದದ್ದು ಈಗೇಕೆ ಬಂತು? ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು, ಹಿಂದಿನ ದಿನ ನಿದ್ದೆ ಮಾಡಿತ್ತೇ, ಹೊಟ್ಟೆಗೆ ತಿಂದಿತ್ತೇ. ಮೈಸೂರಿನಿಂದ ಒಂದು ಸಣ್ಣ ಬಿಳಿ ಮಾತ್ರೆ ತರಿಸಿ, ಸಿದ್ದಯ್ಯನ ಕೈಲಿ ದಿನಾ ಒಂದೇ ಹೊತ್ತಿಗೆ ಬೆಲ್ಲದಲ್ಲಿಟ್ಟು ತಿನ್ನಿಸಿ, ಆಮೇಲೆ ಏನಾಯಿತೆಂದೂ ಬರೆದರು. ಊರಿನವರು ನಕ್ಕರು. ನಾಯಿಯ ಜಾತಕ ಬರೆಯುವ ಡಾಕ್ಟರು ಎಂದರು.

ನಾನು ಆ ಜಗಲಿಗೆ ಬಂದದ್ದು ಹದಿಮೂರನೆಯ ವಯಸ್ಸಿನಲ್ಲಿ. ಅದಕ್ಕೆ ಆರು ತಿಂಗಳ ಹಿಂದೆ ಧನಗೆರೆಯ ಮದುವೆಯೊಂದನ್ನು ಮುಗಿಸಿಕೊಂಡು ಬರುವಾಗ, ಬಸ್ಸಿನ ಹಾರನ್ನಿಗೆ ಎತ್ತು ಬೆದರಿ ನಮ್ಮ ಗಾಡಿ ಮಗುಚಿತ್ತು. ನನ್ನ ತಲೆ ಮೈಲಿಗಲ್ಲಿಗೆ ಬಡಿದಿತ್ತು. ಗಾಯ ವಾಸಿಯಾಯಿತು, ಎಲ್ಲರೂ ಮರೆತರು. ಆಮೇಲೊಂದು ದಿನ ಸ್ಕೂಲಿನಲ್ಲಿ ಬಿದ್ದೆ. ಮತ್ತೆ ಬಿದ್ದೆ. ಮನೆಯಲ್ಲಿ ಗಾಳಿ ಸೋಕಿದೆ ಎಂದರು. ಮಾಟ ಮಂತ್ರಕ್ಕೆ ಎಲ್ಲೆಲ್ಲಿಂದಲೋ ಜನ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬರುತ್ತಿದ್ದ ಕಾಲ. ನಮಗೆ ಬಸ್ಸಿನ ಕಷ್ಟವೂ ಇರಲಿಲ್ಲ. ನನ್ನ ಕೊರಳಲ್ಲಿ, ತೋಳಲ್ಲಿ, ಸೊಂಟದಲ್ಲಿ ಕಟ್ಟಲು ಜಾಗವೇ ಉಳಿಯದಷ್ಟು ತಾಯತಗಳಾದವು. ಸ್ಕೂಲಿನ ಹೆಡ್‌ಮಾಸ್ತರು, ಉಳಿದ ಮಕ್ಕಳು ಹೆದರುತ್ತಾರೆ, ಇನ್ನು ಕಳಿಸಬೇಡಿ ಎಂದರು.

ಅಪ್ಪ ಹಸುವನ್ನು ಆಸ್ಪತ್ರೆಗೆ ಹೊಡೆದುಕೊಂಡು ಹೋದ ದಿನ, ಮನೆಯಲ್ಲಿ ಒಬ್ಬಳನ್ನೇ ಬಿಡಬಾರದೆಂದು ನನ್ನನ್ನೂ ಕರೆದೊಯ್ದಿದ್ದರು. ಅಲ್ಲಿನ ಅಂಗಳದಲ್ಲೇ ನನಗೆ ಫಿಟ್ಸ್ ಬಂತು. ಆಮೇಲೆ ಆದದ್ದನ್ನು ಅಪ್ಪ ಎಷ್ಟೋ ಸಲ ಹೇಳಿದ್ದಾರೆ. ಯಾರೋ ನನ್ನ ಕೈಗೆ ಕಬ್ಬಿಣದ ಬೀಗದ ಕೈ ತುರುಕಲು ಬಂದರಂತೆ. ಡಾಕ್ಟರು ಅದನ್ನು ಕಿತ್ತುಕೊಂಡು, "ಯಾವ್ ಬಾಗ್ಲು ತಗೀಬೇಕು ಕೂಸು? ಅತ್ತಗ ಓಗ್ರಯ್ಯ, ಗಾಳಿ ಬರ್ಲಿ" ಎಂದು ಗದರಿದರಂತೆ. ಸುತ್ತಲಿನ ಕಲ್ಲು ಸರಿಸಿ, ನನ್ನನ್ನು ಮಗ್ಗುಲಿಗೆ ತಿರುಗಿಸಿ, ವಾಚು ನೋಡುತ್ತ ಕೂತರಂತೆ. ನನಗೆ ನೆನಪಿರುವುದು ಕಣ್ಣು ಬಿಟ್ಟಾಗ ಕಂಡ ನಾಯಿಯ ಮುಖ. ನನ್ನನ್ನೇ ನೋಡುತ್ತಿತ್ತು, ತಾಲ್ಲೂಕು ಕಚೇರಿಯ ಗಾಂಭೀರ್ಯದಲ್ಲಿ.

"ಈ ಕೂಸ್ನ ತಲ್ಗ ಯಾವತ್ತಾರ ಏಟು ಬಿದ್ದಿತ್ತೇನಯ್ಯ?" ಎಂದು ಡಾಕ್ಟರು ಅಪ್ಪನನ್ನು ಕೇಳಿದರು. ಅಷ್ಟು ತಾಯತ ಕಟ್ಟಿದವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

"ಬಿದ್ದಿತ್ತು ಸಾ. ಅದು ವಾಸಿಯಾಗಿ ಯೇಸೋ ದಿನ ಆಯ್ತಲ್ಲ."

"ಇವರಿಗೂ ವಾಸಿಯಾಗಿತ್ತು" ಎಂದು ಡಾಕ್ಟರು ನಾಯಿಯ ಕಡೆ ಕೈ ತೋರಿಸಿದರು. "ನೊಗದ ಗಾಯ ಮಾಯ್ದಿರೋ ಎತ್ನ ಎಗಲ ಮ್ಯಾಲ ಕೈ ಇಕ್ಕು, ಮೈ ಅದುರಿಸ್ತದೋ ಇಲ್ವೋ? ಮ್ಯಾಲ ಮಾಯ್ದಿರ್ತದ, ಒಳಗ ಇನ್ನೂ ನೆಪ್ಪು ಮಡಿಕಂಡಿರ್ತದ. ಮಿದುಳ್ಗೂ ಅಂಗೇ ಕಣಯ್ಯ. ಗಾಳಿನೂ ಇಲ್ಲ, ದೆವ್ವನೂ ಇಲ್ಲ. ಏಟು."

ಅಪ್ಪ ಅಲ್ಲೇ ಕೂತುಬಿಟ್ಟರು. ಮಗಳಿಗೆ ಬಂದಿರುವುದು ಗಾಯದಂಥದ್ದು ಎಂದು ಕೇಳಿ ಅವರಿಗೆ ಅಳು ಬಂತು. ಗಾಯವೆಂದರೆ ಅವರಿಗೆ ಗೊತ್ತಿತ್ತು. ಅದನ್ನು ನೋಡಿಕೊಳ್ಳಬಹುದು.

ನನಗೆ ಮಾತ್ರೆ ಕೊಡಿ ಎಂದು ಅಪ್ಪ ಕೈ ಮುಗಿದರೆ ಡಾಕ್ಟರು ಒಪ್ಪಲಿಲ್ಲ. "ನಾಕು ಕಾಲಿರೋರ್ಗ ಮಾತ್ರ ನಂಗ ಲೈಸೆನ್ಸು" ಎಂದರು. ರಜೆ ಹಾಕಿ, ನಮ್ಮ ಜೊತೆ ತಾವೇ ಬಸ್ಸು ಹತ್ತಿ ಮೈಸೂರಿನ ದೊಡ್ಡಾಸ್ಪತ್ರೆಗೆ ಬಂದರು. ಅಲ್ಲಿನ ಡಾಕ್ಟರು ಎಲ್ಲ ಕೇಳಿ, ಪರೀಕ್ಷೆ ಮಾಡಿ, ಬರೆದುಕೊಟ್ಟದ್ದು ಅದೇ ಸಣ್ಣ ಬಿಳಿ ಮಾತ್ರೆ. ಮನೆಗೆ ಬಂದ ಮೇಲೆ ಈ ಸಂಗತಿ ಅವ್ವನಿಗೆ ಗೊತ್ತಾಗಿ ರಂಪವೇ ಆಯಿತು. "ನಾಯಿಗ ಕೊಡೋ ಮಾತ್ರೆ ನನ್ ಮಗ್ಳಿಗಾ?" ಎಂದು ಅವ್ವ ಆಸ್ಪತ್ರೆಗೇ ಹೋಗಿ ಜಗಳ ತೆಗೆದಳು. "ಅಮಲ್ದಾರ್ರೂ ನಿಮ್ ಬೀದಿ ನಲ್ಲಿ ನೀರ್ನೇ ಕುಡೀತಾರ ಕಣವ್ವ. ನೀ ನೀರ್ ಬುಟ್ಬುಟ್ಟಿದ್ದೀಯಾ?" ಎಂದರು ಡಾಕ್ಟರು. ಅವ್ವ ನಗದಿರಲು ಬಹಳ ಪ್ರಯತ್ನಪಟ್ಟಳು.

ಮಾತ್ರೆ ಶುರುವಾದ ಮೇಲೆ ಅವರು ಸಿದ್ದಯ್ಯನನ್ನು ಕರೆದುಕೊಂಡು ನೇರ ನಮ್ಮ ಸ್ಕೂಲಿಗೆ ಹೋದರು. ಹೆಡ್‌ಮಾಸ್ತರ ಮುಂದೆ, ಇಡೀ ಕ್ಲಾಸಿನ ಮುಂದೆ, "ಬೀಳೋ ಸಿದ್ದಯ್ಯ" ಎಂದರು. ಸಿದ್ದಯ್ಯ ಧೊಪ್ಪನೆ ಬಿದ್ದು ನಾಟಕದವನ ಹಾಗೆ ಕೈಕಾಲು ಬಡಿದ. ಹುಡುಗರು ಬಿದ್ದು ಬಿದ್ದು ನಕ್ಕರು. ಡಾಕ್ಟರು ನಗಲು ಬಿಟ್ಟರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಸಿದ್ದಯ್ಯನನ್ನು ಮಗ್ಗುಲಿಗೆ ತಿರುಗಿಸಲು ಕಲಿಸಿದರು. ಬಾಯಿಗೆ ಏನೂ ತುರುಕಬಾರದು, ಹಿಡಿದು ಅದುಮಬಾರದು, ಪಕ್ಕದಲ್ಲಿ ಕೂತಿರಬೇಕು. ಕೊನೆಗೆ ಹೆಡ್‌ಮಾಸ್ತರೂ ಪಂಚೆ ಎತ್ತಿ ಕಟ್ಟಿ ಕೂತು ತಿರುಗಿಸಿದರು. "ಸರಿಯಾಗಿ ತಿರ್ಗಿಸ್ದೆ ಕಣಯ್ಯ. ಇನ್ನೇನ್ ಭಯ ನಿಂಗ?" ಎಂದರು ಡಾಕ್ಟರು. ಸೋಮವಾರ ನಾನು ಕ್ಲಾಸಿನಲ್ಲಿದ್ದೆ.

ಒಮ್ಮೆ, ಮೈ ಸರಿಹೋಯಿತೆಂದು ನಾನೇ ಗುಟ್ಟಾಗಿ ಮಾತ್ರೆ ಬಿಟ್ಟೆ. ಹದಿನೈದು ದಿನಕ್ಕೆ ಸಂತೆಬೀದಿಯಲ್ಲಿ ಬಿದ್ದೆ. ಡಾಕ್ಟರು ಬಯ್ಯುತ್ತಾರೆಂದುಕೊಂಡಿದ್ದೆ. ನೋಟ್‌ಬುಕ್ಕಿನಲ್ಲಿ ಒಂದು ಪುಟ ತೆಗೆದು ನನ್ನ ಕೈಗೆ ಕೊಟ್ಟರು. ಸಿದ್ದಯ್ಯ ಊರಿಗೆ ಹೋದ ವಾರ ನಾಯಿಗೆ ಮಾತ್ರೆ ತಪ್ಪಿತ್ತು. ಆ ಪುಟದ ತುಂಬ ಫಿಟ್ಸಿನ ಹೊತ್ತುಗಳು. ಓದಿ ಮುಗಿಸುವ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟ್ರೈನಿಂಗ್ ಮಾಡಿ ಹನೂರಿನ ಸ್ಕೂಲಿನಲ್ಲಿ ಮೇಡಂ ಆದೆ. ಮದುವೆಯ ಮಾತು ಬಂದಾಗ ಮನೆಯವರು ಫಿಟ್ಸಿನ ವಿಷಯ ಮುಚ್ಚಿಡೋಣ ಎಂದರು. ಡಾಕ್ಟರು, "ಯೋಳೇ ಕೊಡ್ಬೇಕು. ಯೋಳ್ದೆ ಕೊಟ್ರ ನಮ್ ಕೂಸು ಜೀವ್ಮಾನೆಲ್ಲ ಬಚ್ಚಿಟ್ಕಂಡು ಮಾತ್ರೆ ನುಂಗ್ಬೇಕಾಯ್ತದ" ಎಂದು ಪಟ್ಟು ಹಿಡಿದರು. ಹೇಳಿದೆವು. ಮೊದಲು ಬಂದವರು ಕಾಫಿ ಕುಡಿದು ಎದ್ದುಹೋದರು. ಎರಡನೆಯವರು ಶಾಗ್ಯದ ಕಡೆಯವರು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಎಲ್ಲ ಕೇಳಿಸಿಕೊಂಡು, "ಬಂದಾಗ ನಾನೇನು ಮಾಡ್ಬೇಕು ಸಾ?" ಎಂದರು. ಡಾಕ್ಟರು ಎದ್ದು ನಿಂತು, "ಸಿದ್ದಯ್ಯ ಎಲ್ಲೋ?" ಎಂದರು. ಹೆಣ್ಣು ನೋಡುವ ಶಾಸ್ತ್ರದ ಮಧ್ಯೆ, ನಮ್ಮ ನಡುಮನೆಯಲ್ಲಿ, ತಲೆ ನರೆತಿದ್ದ ಸಿದ್ದಯ್ಯ ಇನ್ನೊಮ್ಮೆ ಬಿದ್ದು ಕೈಕಾಲು ಬಡಿದ.

ಡಾಕ್ಟರನ್ನು ನಾನು ಕೊನೆಯ ಸಲ ಕಂಡದ್ದು ಯಳಂದೂರಿನ ಅವರ ಮನೆಯಲ್ಲಿ. ರಿಟೈರಾಗಿದ್ದರು. ಅಮಲ್ದಾರರು ಮುದಿಯಾಗಿ, ನೆಮ್ಮದಿಯಾಗಿ ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಲೈನ್‌ಮ್ಯಾನ್ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಮಾತಿಗೆ ಮಾತು ಬಂದು, ಆ ನೋಟ್‌ಬುಕ್ಕು ಏನಾಯಿತು ಎಂದು ಕೇಳಿದೆ.

"ಬೆಂಗ್ಳೂರಿನ ದೊಡ್ಡ ಡಾಕ್ಟ್ರುಗಳ್ಗ ಬರ್ದು ಕಳ್ಸಿದ್ದೆ. ವಾಪಸ್ ಕಳ್ಸಿದ್ರು. ಒಂದು ನಾಯಿ ಸಾಲ್ದು ಅಂದ್ರು" ಎಂದು ನಕ್ಕರು. "ಸರಿಯಾಗೇ ಯೋಳಿದ್ರು. ಒಂದ್ರಿಂದ ಏನ್ ಗೊತ್ತಾದದು?"

"ನನ್ನ ವಿಷಯವನ್ನೂ ಬರೆಯಬಹುದಿತ್ತಲ್ಲ ಡಾಕ್ಟ್ರೇ. ಎರಡಾಗ್ತಿತ್ತು."

ಅವರು ನನ್ನ ಮಗಳ ಕೈಗೆ ಬೆಲ್ಲದ ಚೂರು ಕೊಡುತ್ತ, ತಲೆ ಎತ್ತದೆ ಹೇಳಿದರು: "ಬರ್ದಿದ್ದೆ ಕೂಸು. ಕಳ್ಸೋ ಮುಂಚ ಅರ್ದಾಕ್ದೆ. ಕೊಳ್ಳೇಗಾಲದಲ್ಲಿ ತಲ್ಗ ಏಟು ಬಿದ್ದ ಹದಿಮೂರು ವರ್ಸದ ಹುಡ್ಗಿ ಅಂದ್ರ ಯಾರು ಅಂತ ಊರ್ಗೇ ಗೊತ್ತಾಗ್ತಿರ್ನಿಲ್ವಾ? ನೀನು ಇನ್ನೂ ಓದ್ಬೇಕಾಗಿತ್ತು."

ಗಂಡ ಪಕ್ಕದ ಮೇಜಿನ ಮೇಲಿದ್ದ ಕಾಗದ, ಪೆನ್ನು ತಂದು ಅವರ ಮುಂದಿಟ್ಟರು. "ಈಗ ಬರೀರಿ ಸಾ. ಹೆಸ್ರು ಹಾಕೇ ಬರೀರಿ" ಎಂದರು.

ಡಾಕ್ಟರು ಕನ್ನಡಕ ಹುಡುಕಿ ಹಾಕಿಕೊಂಡರು. ಮಹದೇವಮ್ಮ, ಉಪಾಧ್ಯಾಯಿನಿ, ಹನೂರು ಎಂದು ಬರೆದರು. ಕೊನೆಯ ಫಿಟ್ಸ್ ಬಂದು ಎಷ್ಟು ಕಾಲವಾಯಿತು ಎಂದು ಕೇಳಿದರು. ಏಳು ವರ್ಷ ಎಂದೆ. ಅದನ್ನೂ ಬರೆದು, ಕೆಳಗೆ ಒಂದು ಗೆರೆ ಎಳೆದರು.

ಮುಂದಿನ ಬೇಸಿಗೆಯಲ್ಲಿ ಅವರು ಹೋದ ಸುದ್ದಿ ಬಂತು. ಮಣ್ಣಿಗೆ ಹೋದಾಗ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಗೋಡೆ ತೋರಿಸಿದರು. ಆ ಕಾಗದಕ್ಕೆ ಡಾಕ್ಟರು ಗಾಜಿನ ಕಟ್ಟು ಹಾಕಿಸಿ, ತಮ್ಮ ಡಿಗ್ರಿಯ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದ್ದರು.