ಡೇರೆಯ ಹಿಂದಿನ ಗೋಡೆ

ಕದ್ವಾಡದ ಸುಗಂಧಾ ಕಾರವಾರದ ಕಾಲೇಜೊಂದರ ಭೂವಿಜ್ಞಾನ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಟೆಂಡರ್. ಕಲ್ಲನ್ನು ಕೊಯ್ದು, ಬೆಳಕು ತೂರುವಷ್ಟು ತೆಳ್ಳಗೆ ತಿಕ್ಕುವುದು ಅವಳ ಕೆಲಸ. ತಿಕ್ಕುತ್ತಲೇ ಪಾಠವನ್ನೂ ಕಿವಿಗೆ ಹಾಕಿಕೊಂಡಳು. ಪರೀಕ್ಷೆ ಹತ್ತಿರ ಬಂದರೆ ಹುಡುಗರು ಪ್ರೊಫೆಸರರನ್ನು ಬಿಟ್ಟು ಅವಳ ಬೆನ್ನು ಹತ್ತುತ್ತಿದ್ದರು. ಮನೆಯವರ ಪಾಲಿಗೆ ಮಾತ್ರ ಅವಳು ಬಾಟಲಿ ತೊಳೆಯುವವಳು.

ತಮ್ಮ ವಿಕಾಸ ಇಂಡೋನೇಷ್ಯಾದ ದ್ವೀಪವೊಂದರಲ್ಲಿ ರಸ್ತೆ ಕಾಮಗಾರಿಯ ಸೂಪರ್‌ವೈಸರ್. ಎದುರಿನ ಜ್ವಾಲಾಮುಖಿ ಎರಡು ವಾರದಿಂದ ಹೊಗೆ ಉಗುಳುತ್ತಿತ್ತು. ಅವನು ಕ್ಯಾಂಪನ್ನು ಹೊಳೆಯಿಂದ ಅರವತ್ತು ಅಡಿ ಮೇಲಿನ ದಿಬ್ಬಕ್ಕೆ ಏರಿಸಿ, ಅಕ್ಕ ಮೆಚ್ಚಲಿ ಎಂದು ಫೋಟೊ ಕಳಿಸಿದ. ಕಾಳಿ ನದಿಯ ದಂಡೆಯಲ್ಲಿ ಬೆಳೆದವನ ಬುದ್ಧಿ. ನೆರೆ ಮುಟ್ಟದ ಕಡೆ ಮಲಗಿದರೆ ಮುಗಿಯಿತು.

ಡೇರೆಗಳ ಹಿಂದೆ ಕಡಿದ ಮಣ್ಣಿನ ಗೋಡೆಯಿತ್ತು. ಸುಗಂಧಾ ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದಳು. ಹೊಳೆ ತಂದದ್ದಾದರೆ ಕಲ್ಲು ನುಣುಪಾಗಿ, ದಪ್ಪದ್ದು ಸಣ್ಣದ್ದು ಬೇರೆಬೇರೆ ಪದರವಾಗಿ ಕೂರುತ್ತದೆ. ಇಲ್ಲಿ ಬಂಡೆ, ಹರಳು, ಹಿಟ್ಟಿನಂಥ ಬೂದಿ ಎಲ್ಲ ಕಲಸಿಕೊಂಡಿತ್ತು. ನಡುವೆ ಅಡ್ಡಬಿದ್ದ ಮರವೊಂದು ಪೂರಾ ಇದ್ದಿಲಾಗಿತ್ತು.

ತಕ್ಷಣ ಫೋನ್ ಮಾಡಿದಳು. “ವಿಕಾಸಾ, ಎಲ್ಲರನ್ನೂ ಕರ್ಕೊಂಡು ಅಲ್ಲಿಂದ ಏಳು.”

“ಎಂತಕ್ಕೆ? ಹೊಳೆ ಎಷ್ಟು ಕೆಳಗುಂಟು ನೋಡಿದ್ಯಾ?”

“ಬರೂದು ನೀರಲ್ಲ ಮಾರಾಯಾ. ಸುಡೂ ಬೂದಿ, ಗ್ಯಾಸು, ಕಲ್ಲು, ಎಲ್ಲಾ ಒಟ್ಟಿಗೆ, ಬಸ್ಸಿಗಿಂತ ಜೋರು. ದಿಬ್ಬಾನೂ ಹತ್ತತದೆ. ಹಿಂದೊಮ್ಮೆ ಹತ್ತಿದ್ದೇ ನಿನ್ನ ಡೇರೆ ಹಿಂದೆ ಗೋಡೆಯಾಗಿ ಉಂಟು.”

“ಯಾವಾಗ ಬರ್ತದೆ, ಹೇಳು.”

“ಅದು ಕಲ್ಲಲ್ಲಿ ಗೊತ್ತಾಗೂದಿಲ್ಲ.”

“ಕೆಲಸ ನಿಲ್ಸಿದ್ರೆ ಕಂಪನಿ ನನ್ನನ್ನೇ ಮನೆಗೆ ಕಳಿಸ್ತದೆ, ಅಕ್ಕಾ.”

“ಮನೆಗೇ ಬಾ. ಜೀವ ಇಟ್ಕೊಂಡು ಬಾ.”

ಬೈಯುತ್ತಲೇ ವಿಕಾಸ ಹದಿನಾಲ್ಕು ಮಂದಿಯನ್ನು ದೂರದ ಪೇಟೆಗೆ ಸಾಗಿಸಿದ. ಅಡುಗೆಯ ದತ್ತಾ, ಅಂಕೋಲೆ ಹತ್ತಿರದ ಬೊಬ್ರುವಾಡದವನು, ಎಲ್ಲರಿಗಿಂತ ಮೊದಲು ಗಂಟು ಕಟ್ಟಿದ.

ಐದು ದಿನ ಏನೂ ಆಗಲಿಲ್ಲ. ಕಂಪನಿಯವರಿಗೆ ಹೊಗೆ ಕಾಣಲಿಲ್ಲ, ಸುಮ್ಮನೆ ನಿಂತ ರೋಲರು ಕಂಡಿತು. ವಿಕಾಸನನ್ನು ಕೆಲಸದಿಂದ ತೆಗೆದರು. “ನಿನ್ನ ಮಾತು ಕೇಳಿ ಅನ್ನ ಕಳ್ಕೊಂಡೆ,” ಎಂದು ಅವನು ಫೋನಿನಲ್ಲಿ ಕೂಗಾಡಿದ. ತನ್ನ ಮಾತು ಸುಳ್ಳಾಗಲಿ ಎಂದು ದೇವರನ್ನು ಬೇಡಬೇಕಾದವಳು, ಆ ಸಂಜೆ ನಿಜವಾಗಲಿ ಎಂದು ಬೇಡಿಕೊಂಡಳು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಆರನೆಯ ದಿನ ಮಧ್ಯಾಹ್ನ ಮತ್ತೆ ಫೋನ್ ಬಂತು. ವಿಕಾಸ ಅಳುತ್ತಿದ್ದ. ಗುಡ್ಡ ಸಿಡಿದಿತ್ತು, ದಿಬ್ಬವಿಡೀ ಬೂದಿಯಡಿ ಹೋಗಿತ್ತು. ಹೊಸ ಸೂಪರ್‌ವೈಸರ್ ಬೆಳಿಗ್ಗೆಯೇ ನಾಲ್ವರನ್ನು ಡೇರೆಗಳಿಗೆ ವಾಪಸ್ ಕಳಿಸಿದ್ದನಂತೆ. ಅವರಲ್ಲಿ ದತ್ತಾನೂ ಇದ್ದ.

“ಅಕ್ಕಾ, ಅವನ ಮನೆಗೆ ಯಾರು ಹೇಳೂದು?”

ಸುಗಂಧಾ ಕಲ್ಲು ತಿಕ್ಕುವ ಯಂತ್ರ ನಿಲ್ಲಿಸಿದಳು. ಕೈ ತೊಳೆದುಕೊಂಡು ಅಂಕೋಲೆಯ ಬಸ್ಸು ಹತ್ತಿದಳು.